ಯಾರ ಮನೆಯ ನೀರನ್ನೂ ಕುಡಿಯದ ಪಂಚ

ನನ್ನ ಅಕ್ಷರ ಸೊಟ್ಟಗಿವೆ, ಮಾತು ಕೂಡಿಸಿ ಬರೆಯಲೂ ಸರಿಯಾಗಿ ಬಾರದು. ಶಾಲೆಯನ್ನು ನಡುವೆ ಬಿಟ್ಟವಳೆಂದು ಓದುವವರು ಮನ್ನಿಸಬೇಕು. ಹನ್ನೂರಿನ ಜಗಳಗಳಿಗೆ ನ್ಯಾಯ ಹೇಳುವ ಪಂಚ ಖಂಡಪ್ಪಜ್ಜ ನನ್ನ ಅವ್ವನ ಅಪ್ಪ. ನ್ಯಾಯಕ್ಕೆ ಕೂಡುವ ದಿನ ಅವನು ಎರಡೂ ಕಡೆಯವರ ಮನೆಯ ನೀರು ಮುಟ್ಟುತ್ತಿರಲಿಲ್ಲ. ತನ್ನ ರೊಟ್ಟಿ, ತನ್ನ ತಂಬಿಗೆ ತಂದುಕೊಂಡು, ಕುರುಬರ ದೇವರು ಬೀರೋಬನ ಭಂಡಾರದ ಅರಿಶಿನ ಹಣೆಗೆ ಹಚ್ಚಿ, ಯಾರ ಮೋರೆಯೂ ಕಾಣದಂತೆ ಗೋಡೆಗೆ ಮುಖ ಮಾಡಿ ಕಂಬಳಿಯ ಮೇಲೆ ಕೂಡುತ್ತಿದ್ದ. ಜಗಳದವರ ನಾಯಿ ಬಾಲ ಅಲ್ಲಾಡಿಸಿದರೂ "ಹಚಾ, ಲಂಚ ಕೊಡಾಕ ಬಂದಿ ಏನು?" ಎಂದು ಅಟ್ಟುತ್ತಿದ್ದ. "ದಿಲ್ಲಿ ಸುಪ್ರೀಂ ಕೋರ್ಟಿನ ಜಜ್ಜರೂ ಹಿಂಗ ಕೂಡತಾರ" ಎಂಬುದು ಅವನ ಹೆಮ್ಮೆ. ಹೋದ ವರ್ಷ ನನ್ನ ಅಪ್ಪ ತೀರಿದ ಮೇಲೆ ಅವ್ವ ತನ್ನ ಮೈದುನನಿಂದ ಅಪ್ಪನ ಪಾಲಿನ ಕುರಿ ಕೇಳಿ ಅದೇ ಕಂಬಳಿಯ ಮುಂದೆ ನಿಂತಳು. ಮಗಳ ಕಡೆ ವಾಲಿದನೆಂದು ಜನ ಅಂದಾರೆಂಬ ಅಂಜಿಕೆಗೆ ಅಜ್ಜ ಅವಳ ಮಾತನ್ನು ಪೂರಾ ಕೇಳದೆ ಕುರಿಗಳನ್ನೆಲ್ಲ ಮೈದುನನಿಗೇ ಕೊಡಿಸಿದ. ಊರು ಅವನನ್ನು ಹೊಗಳಿತು. ನಾನು ಶಾಲೆ ಬಿಟ್ಟು ಅವ್ವನ ಜೊತೆ ಕೂಲಿಗೆ ಹೋದೆ. ಮೊನ್ನೆ ಸೋಲಾಪುರದ ಬಸ್ಸಿನಲ್ಲಿ ನನ್ನೆದುರೇ ಅವನು ಒಬ್ಬ ವಕೀಲರನ್ನು ಕೇಳಿದ: "ಸಾಹೇಬ್ರ, ದಿಲ್ಲಿ ಜಜ್ಜರ ಮುಂದ ಅವರ ಮಗಳ ಖಟ್ಲೇನ ಬಂದರ ಏನ ಮಾಡತಾರ್ರಿ?" "ಅದಕ್ಕ ಅವರು ಕೂಡೂದ ಇಲ್ಲ, ಅಜ್ಜಾ. ಎದ್ದು ಇನ್ನೊಬ್ಬರಿಗೆ ಬಿಡತಾರ." "ಏಳತಾರ?" ಎಂದ ಅಜ್ಜ. ಊರು ಮುಟ್ಟಿದ ದಿನವೇ ನ್ಯಾಯಕ್ಕೆ ಕೂಡುವ ಕಂಬಳಿ ಮಡಚಿಟ್ಟ. ಈಗ ನಮ್ಮ ಮನೆಯ ಮುಂದೆ ಹಾಯುವಾಗ ತಲೆಯೆತ್ತುವುದಿಲ್ಲ, ಬಾಯಾರಿದ್ದರೂ ನೀರು ಕೇಳುವುದಿಲ್ಲ. ನಾಳೆ ಅವನು ಹಾಯುವ ಹೊತ್ತಿಗೆ ನಾನು ತಂಬಿಗೆ ತುಂಬಿಕೊಂಡು ಬಾಗಿಲಲ್ಲಿ ನಿಲ್ಲುತ್ತೇನೆ.