ಅಪ್ಪನ ಅಂಗಾಲಿಗೊಂದು ನೆಲ

ಜಮಖಂಡಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ನೆಲಕ್ಕೆ ಮುಖ ಕಾಣುವಷ್ಟು ಹೊಳಪಿನ ಟೈಲ್ಸ್ ಹಾಕಿದ್ದರು. ಒಂದು ಸೋಮವಾರ ಬೆಳಿಗ್ಗೆ, ಒರೆಸಿದ ನೆಲ ಆರುವ ಮೊದಲೇ ಅಪ್ಪ ಜಳಕ ಮುಗಿಸಿ ದೇವರ ಮುಂದೆ ಹೋಗಲು ಹೊರಟ. ಎರಡು ಹೆಜ್ಜೆ ಇಟ್ಟ, ಮೂರನೆಯದಕ್ಕೆ ಜಾರಿ ಬಿದ್ದ. ಸೊಂಟ ಉಳಿಯಿತು, ಮುಂಗೈ ಮುರಿಯಿತು. ಎಲುಬು ಎರಡು ತಿಂಗಳಲ್ಲಿ ಕೂಡಿಕೊಂಡಿತು, ಹೋದ ಧೈರ್ಯ ಮಾತ್ರ ವಾಪಸ್ ಬರಲಿಲ್ಲ. ಅಂದಿನಿಂದ ಅಪ್ಪ ಗೋಡೆ ಹಿಡಿದೇ ನಡೆಯತೊಡಗಿದ. ಊಟಕ್ಕೆ ಬರಲು ನಡುಮನೆ ದಾಟಿ ಹತ್ತು ಹೆಜ್ಜೆ ಸಾಕು, ಅವನು ಮೂರು ಗೋಡೆ ಸುತ್ತಿ ಬರುತ್ತಿದ್ದ. ಅವನ ಅಂಗೈ ಎತ್ತರಕ್ಕೆ ಗೋಡೆಯ ತುಂಬ ಒಂದು ಕಂದು ಪಟ್ಟಿ ಮೂಡಿತ್ತು.

"ಹಿಂಗ ಅಂಜಿ ಕುಂತ್ರ ಕಾಲಾಗಿನ ಕಸುವು ಪೂರಾ ಹೋಗತೈತಿ. ನಡಸ್ರಿ ಅವರ್ನ," ಎಂದರು ಡಾಕ್ಟರು.

ನಡೆಸುವುದು ಹೇಗೆ? ರಬ್ಬರ್ ಚಪ್ಪಲಿ ತಂದುಕೊಟ್ಟೆ. "ದೇವರಿರೋ ಮನ್ಯಾಗ ಚಪ್ಲಿ ಮೆಟ್ಟಿ ಅಡ್ಡಾಡಂತಿ? ಸಾಲಿ ಕಲ್ತ ಇದನ್ನ ಕಲ್ತೇನ ತಂಗೀ?" ಎಂದು ಅದನ್ನು ಬಾಗಿಲ ಹೊರಗಿಟ್ಟ. ನಮ್ಮ ಕಡೆ ಮಗಳನ್ನೂ ತಂಗಿ ಎಂದೇ ಕರೆಯುತ್ತಾರೆ. ಅಪ್ಪ ಬನಹಟ್ಟಿಯ ಕುಣಿಮಗ್ಗದ ನೇಕಾರ. ನಲವತ್ತು ವರ್ಷ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಬರಿಗಾಲಲ್ಲಿ ಮರದ ಹಲಗೆ ತುಳಿದು ಸೀರೆ ನೇಯ್ದವನು. ಅವ್ವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದ.

ಅವನು ತುಳಿದ ಆ ಹಲಗೆಯಿಂದಲೇ ನಾನು ಓದಿದ್ದು. ಬಾಗಲಕೋಟೆ ಬೇರೆ ಜಿಲ್ಲೆಯಾದ ಹೊಸದರಲ್ಲಿ ಬಿ.ಎಸ್ಸಿ. ಮುಗಿಸಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನೇ. ಮುಂದೆ ಎಂ.ಎಸ್ಸಿ. ಮಾಡಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸತೊಡಗಿದೆ. ಯಾರ ಶಿಫಾರಸೂ ಇರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆಗ ನಮ್ಮ ಸ್ವಂತ ಮನೆಯ ಕೆಲಸ ನಡೆದಿತ್ತು. ಮುಧೋಳದ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿಯಲ್ಲಿದ್ದ ನನ್ನ ಯಜಮಾನರು ಎಲ್ಲ ಕೋಣೆಗೂ ಗ್ರಾನೈಟ್ ಎಂದಿದ್ದರು. ಹಾಲಿಗೂ ಅಪ್ಪನ ಕೋಣೆಗೂ ಕಟ್ಟಿಗೆಯ ನೆಲ ಎಂದು ನಾನು ಹಟ ಹಿಡಿದೆ. ಗೋಡೆ ಕಟ್ಟುತ್ತಿದ್ದ ಗೌಂಡಿ ಕರಣಿ ಕೆಳಗಿಟ್ಟು ನಕ್ಕ.

"ಅಕ್ಕಾರ, ಬಾಗಲಾ ಕಟ್ಟಿಗಿದು ನೋಡೇನಿ, ಜಂತಿ ಕಟ್ಟಿಗಿದು ನೋಡೇನಿ. ನೆಲಾ ಕಟ್ಟಿಗಿದು ಮಾಡಸಾಕತ್ತವರು ನೀವ ಮೊದಲು. ಗೆದ್ದಲಕ್ಕ ಪಂಕ್ತಿ ಊಟಾ ಹಾಕಸ್ತೀರೇನು?"

"ಮೊದಲನೇಕಿ ಆಗೋದು ನನಗ ರೂಢಿ ಐತಿ. ನೀ ನೆಲಾ ಮಟ್ಟಸಾ ಮಾಡಿಕೊಡು, ಸಾಕು," ಎಂದೆ.

ಒಂದು ವಾರ ಕೂತು ಓದಿದೆ. ಇಡೀ ಮರದ ಹಲಗೆ ಮಳೆಗಾಲದಲ್ಲಿ ಅಗಲಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಮ್ಮದು ಎರೆ ಭೂಮಿ, ಸುತ್ತ ಕಬ್ಬು, ಕಾಲುವೆ ನೀರು. ಏಪ್ರಿಲ್ ಬಂತೆಂದರೆ ಅದೇ ನೆಲ ಬಿರಿಯುತ್ತದೆ. ಇಲ್ಲಿಗೆ ಸರಿಹೋಗುವುದು ಇಂಜಿನಿಯರ್ಡ್ ಮರ: ಮೇಲೊಂದು ಪದರು ನಿಜವಾದ ಗಟ್ಟಿಮರ, ಕೆಳಗೆ ಒಂದಕ್ಕೊಂದು ಅಡ್ಡವಾಗಿ ಅಂಟಿಸಿದ ತೆಳು ಪದರುಗಳು. ಒಂದು ಪದರು ಉಬ್ಬಲು ಹೋದರೆ ಇನ್ನೊಂದು ಹಿಡಿದಿಡುತ್ತದೆ. ಲೆಕ್ಕ ನನಗೆ ಪಕ್ಕಾ ಆಯಿತು.

ಊರಿನ ಪ್ಲೈವುಡ್ ಅಂಗಡಿಗೆ ಅಪ್ಪನನ್ನೂ ಕರೆದುಕೊಂಡು ಹೋದೆ. ನಡೆಯುವವನು ಅವನೇ ತಾನೆ. ಸೇಠಜಿ ನಾಲ್ಕಾರು ಹಲಗೆ ಹರಡಿದರು. ದಟ್ಟ ಕಂದು ಬಣ್ಣದ್ದೊಂದು ನನ್ನ ಕಣ್ಣಿಗೆ ಬಿತ್ತು.

"ಇದ ನೋಡ್ರಿ ಮೇಡಂ ನೀವು ಕೇಳಿದ್ದು. ಖರೆ ಓಕ್ ಕಟ್ಟಿಗಿ," ಎಂದರು. ನಾನು ಮುಂಗಡ ಕೊಡಲು ಪರ್ಸಿಗೆ ಕೈ ಹಾಕಿದೆ. ಅಷ್ಟರಲ್ಲಿ, ಸ್ಟೂಲಿನ ಮೇಲೆ ಕೂತು ಎರಡು ಹಲಗೆಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅಪ್ಪ ಕರೆದ.

"ತಂಗೀ, ಈ ಗಂಟ ನೋಡ ಇಲ್ಲೆ."

"ಕಟ್ಟಿಗ್ಯಾಗ ಗಂಟ ಇರತೈತೆಪಾ."

"ಇರಲಿ. ಈ ಹಲಗ್ಯಾಗೂ ಐತಿ, ಈ ಹಲಗ್ಯಾಗೂ ಐತಿ. ಅದ ಗಂಟು, ಅದ ಜಾಗಾ, ಪಕ್ಕದಾಗ ಅದ ಸಣ್ಣ ಗೆರಿ. ಗಿಡಾ ಏನ ಡಿಸೈನ್ ಹಚ್ಚಿ ಬೆಳೀತೈತೇನ? ಮಗ್ಗದ ಮ್ಯಾಲಿನ ಹೂವು ಅಷ್ಟ ಹಿಂಗ ತಿರುಗಿ ತಿರುಗಿ ಬರೋದು."

ಆಮೇಲೆ ಹಲಗೆಯನ್ನು ಮಗುಚಿದ. ಬನಹಟ್ಟಿಯ ನೇಕಾರ ಸೀರೆಯ ಮುಖ ಮೊದಲು ನೋಡುವುದಿಲ್ಲ, ಬೆನ್ನು ನೋಡುತ್ತಾನೆ. ನೇಯ್ದ ಹೂವಿನ ಎಳೆ ಹಿಂದೆಯೂ ಕಾಣುತ್ತದೆ, ಅಚ್ಚು ಹಾಕಿದ ಹೂವಿನದು ಕಾಣುವುದಿಲ್ಲ. ನಾನು ಹುಟ್ಟಿದಾಗಿನಿಂದ ನೋಡಿದ್ದು ಇದನ್ನೇ. ಆದರೆ ಅಂಗಡಿಯಲ್ಲಿ ಮುಖ ನೋಡಿಯೇ ಮರುಳಾಗಿದ್ದೆ. ಅಪ್ಪ ಅಂಚನ್ನು ಉಗುರಿನಿಂದ ಗೀರಿದ. ಪದರು ಒಂದೂ ಇರಲಿಲ್ಲ, ಬರೀ ಒತ್ತಿದ ಕಂದು ಪುಡಿ.

"ಸೇಠಜಿ, ಮಾರಿ ಅಷ್ಟ ಕಟ್ಟಿಗಿ ಆತಲ್ರೀ. ಹೊಟ್ಟಿ ತುಂಬ ಭೂಸಾ!"

ಸೇಠಜಿಯ ಮುಖ ಕೆಂಪಾಯಿತು. "ಕಂಪನಿಯವ್ರು ನಮಗ ಹಂಗ ಹೇಳಿದ್ರರೀ ಅಜ್ಜಾರ..."

ಮರದ ಚಿತ್ರ ಅಚ್ಚಾದ ಕಾಗದವನ್ನು ಮೇಲೆ ಅಂಟಿಸಿದ ಲ್ಯಾಮಿನೇಟ್ ಅದು. ನೀರು ಕುಡಿದರೆ ಅಂಚು ಉಬ್ಬುವ ಮಾಲು. ತಪ್ಪು ನನ್ನದೇ ಎಂದು ಅಲ್ಲೇ ಒಪ್ಪಿಕೊಂಡೆ. ಮುಂದಿನ ಮಾತು ನಾನೇ ಆಡಿದೆ: ಮೇಲಿನ ಪದರು ಎಷ್ಟು ದಪ್ಪ, ಕೆಳಗೆ ಎಷ್ಟು ಪದರು, ಇಷ್ಟನ್ನು ಬಿಲ್ಲಿನ ಮೇಲೆ ಬರೆದುಕೊಡಬೇಕು. ಸೇಠಜಿ ಹುಬ್ಬಳ್ಳಿಗೆ ಫೋನ್ ಮಾಡಿ, ಮುಂದಿನ ವಾರಕ್ಕೆ ಬೇರೆ ತುಂಡುಗಳನ್ನು ತರಿಸಿದರು. ಅಪ್ಪ ಅಂಚನ್ನು ಬೆಳಕಿಗೆ ಹಿಡಿದ.

"ಇದೊಂದು ಉದ್ದ, ಇದೊಂದು ಅಡ್ಡ. ಹಾಸು, ಹೊಕ್ಕು. ಇದನ್ನ ನೇಯ್ದವಗ ಬುದ್ಧಿ ಐತಿ."

ನಾನು ವಾರವಿಡೀ ಓದಿದ್ದನ್ನು ಅವನು ಒಂದೇ ಮಾತಿನಲ್ಲಿ ಮುಗಿಸಿದ. ಆದರೂ ಜಾರುವ ಪರೀಕ್ಷೆ ಬಿಡಲಿಲ್ಲ. ತಂಬಿಗೆ ನೀರು ತರಿಸಿ ಅಪ್ಪನ ಪಾದ ತೋಯಿಸಿ, ನನ್ನ ಹೆಗಲು ಹಿಡಿಸಿ, ಒಂದೊಂದೇ ಹಲಗೆಯ ಮೇಲೆ ನಿಲ್ಲಿಸಿದೆ. ಹೊಳಪಿನದರ ಮೇಲೆ ಅವನ ಬೆರಳು ನನ್ನ ಹೆಗಲನ್ನು ಬಿಗಿದವು. ಬ್ರಷ್ಷಿನಿಂದ ಉಜ್ಜಿ ಮೈ ತುಸು ಒರಟು ಮಾಡಿದ, ಮಂದ ಬಣ್ಣದ ಓಕ್ ಮೇಲೆ ಸಡಿಲಾದವು. ಅದನ್ನೇ ಬಿಲ್ಲಿಗೆ ಬರೆಸಿದೆ. ನನ್ನ ದಟ್ಟ ಕಂದು ಬಣ್ಣದ ಆಸೆ ಅಲ್ಲಿಗೇ ಮುಗಿಯಿತು.

ಕಾಂಕ್ರೀಟು ಒಣಗಿದೆ ಎಂದು ಗೌಂಡಿ ಆಣೆ ಮಾಡಿದ. ನಾನು ಒಂದು ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ನಾಲ್ಕೂ ಕಡೆ ಟೇಪು ಹಚ್ಚಿ ಮುಚ್ಚಿಟ್ಟೆ. ಮರುದಿನ ನೋಡಿದರೆ ಒಳಗೆ ನೀರ ಹನಿ. "ಇದು ಏನು, ಬೆವರೇನು?" ಎಂದೆ. ಮತ್ತೆ ಐದು ವಾರ ಕಾಯಿಸಿದೆ. ಹಾಳೆ ಒಣಗಿಯೇ ಉಳಿದ ಮೇಲೆ ಹಲಗೆಯ ಪೆಟ್ಟಿಗೆಗಳನ್ನು ಅದೇ ಕೋಣೆಯಲ್ಲಿ ಕೆಲವು ದಿನ ಇಟ್ಟು, ಆಮೇಲೆ ಬಡಿಗನನ್ನು ಕರೆಸಿದೆ. ಅವನು ಹಲಗೆ ಜೋಡಿಸುತ್ತ ಗೋಡೆಗುಂಟ ಕಿರುಬೆರಳು ಹೋಗುವಷ್ಟು ಸಂದಿ ಬಿಟ್ಟ. ಅಪ್ಪ ಗಾಬರಿಯಾದ.

"ತಂಗೀ, ನೆಲಾ ಗ್ವಾಡಿಗೆ ಹತ್ತಿಲ್ಲಲ್ಲ!"

"ಹತ್ತಬಾರದೆಪಾ. ಮಳಿಗಾಲದಾಗ ಅದಕ್ಕ ಸರದಾಡಾಕ ಜಾಗಾ ಬೇಕು. ಗ್ವಾಡಿ ಹಿಡಕೊಂಡ್ರ ನಡುವ ಉಬ್ಬಿ ಕೆಡತೈತಿ." ಬಡಿಗ ಸಂದಿಯ ಮೇಲೆ ಪಟ್ಟಿ ಬಡಿದ ಮೇಲೆಯೇ ಅಪ್ಪನಿಗೆ ಸಮಾಧಾನವಾಯಿತು.

ಹೊಸ ಮನೆಗೆ ಬಂದ ಮೊದಲ ವಾರ ನನಗೆ ನಿರಾಸೆ. ನೆಲ ಬದಲಾಗಿತ್ತು, ಅಪ್ಪನ ರೂಢಿ ಬದಲಾಗಿರಲಿಲ್ಲ. ಹೊಸ ಸುಣ್ಣದ ಗೋಡೆಗುಂಟ ಮೆಲ್ಲಗೆ ಕೈ ಆಡಿಸುತ್ತಲೇ ನಡೆಯುತ್ತಿದ್ದ. ಅಮಾವಾಸ್ಯೆಯ ದಿನ ನಮ್ಮ ಯಜಮಾನರ ಅಕ್ಕ ಬೀಳಗಿಯಿಂದ ಬಂದರು. ನಮ್ಮ ಕಡೆ ಅಮಾವಾಸ್ಯೆಗೆ ಮನೆ ತೊಳೆಯುವುದೆಂದರೆ ಕೊಡಗಟ್ಟಲೆ ನೀರು ಸುರಿದು ಬಾಗಿಲಾಚೆ ತಳ್ಳುವುದು. ಸೀರೆ ಮೇಲೆ ಕಟ್ಟಿ, ತುಂಬಿದ ಬಕೆಟ್ ಹಿಡಿದು ಹಾಲಿನ ನಡುವೆ ನಿಂತೇಬಿಟ್ಟರು. ನಾನು ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಬಕೆಟ್ ಓರೆಯಾಗಿತ್ತು.

"ಏ ಏ ಏ, ಬ್ಯಾಡ್ರೀ!" ಅಪ್ಪ ಆಚೆ ಗೋಡೆಯಿಂದ ಸೀದಾ ಬಂದು ಬಕೆಟ್ ಹಿಡಿದಿದ್ದ. "ರೇಷ್ಮಿ ಸೀರಿ ಕಲ್ಲಿಗೆ ಬಡದು ಒಗೀತೀರೇನ್ರೀ ನೀವು?"

ಒಂದಿಷ್ಟು ನೀರು ತುಳುಕಿ ಅವನ ಪಾದದ ಮೇಲೆ ಚೆಲ್ಲಿತು. ಅಪ್ಪ ಅಲುಗಲಿಲ್ಲ. ಕೆಳಗೆ ನೋಡಿದ, ಹಿಂದೆ ಗೋಡೆಯ ಕಡೆ ನೋಡಿದ. ಗೋಡೆ ದೂರವಿತ್ತು.

"ಅಪ್ಪಾ, ಕೈ ಹಿಡೀಲ್ಯಾ?" ಎಂದೆ.

"ಯಾಕ? ಈ ನೆಲಾ ಸೈತ ಗ್ವಾಡಿ ಹಿಡಕೊಂಡಿಲ್ಲ. ನನಗ್ಯಾಕ ಬೇಕು?" ಎಂದ, ಒದ್ದೆ ಅಂಗಾಲನ್ನು ಹಲಗೆಗೆ ಎರಡು ಸಲ ಒತ್ತಿ, ಮಗ್ಗ ತುಳಿದಂತೆ.

ಅಪ್ಪನ ಈ ಮಾತಿನ ತಲೆಬುಡ ಅಕ್ಕನವರಿಗೆ ತಿಳಿಯಲಿಲ್ಲ. ಬಕೆಟ್ ಇಳಿಸಿ, ಅರಿವೆ ಹಿಂಡಿಕೊಂಡು ಕೂತರು. "ಆತ್ರೀ ಬೀಗರ, ನೀರ ಹಾಕೂದಿಲ್ಲ, ಒರಸ್ತೀನಿ. ಆದ್ರ ನೀವು ಸರೀರಿ ಅತ್ತಾಗ. ಹಿಂಗ ನಡುಮನ್ಯಾಗ ನಿಂತ್ರ ನಾ ಹ್ಯಾಂಗ ಒರಸಲಿ?"