ಬಸ್ತ್ಯಾಂವ ಕಳಚಿಟ್ಟ ಬೋರ್ಡು

ನೀವು ಅಕ್ಕರೆಯಿಂದ ಕರೆಯುತ್ತಿದ್ದ ಹೆಸರೊಂದು ಆ ಮನುಷ್ಯನಿಗೆ ವರ್ಷಗಟ್ಟಲೆ ಚುಚ್ಚುತ್ತಿತ್ತು ಅಂತ ತಡವಾಗಿ ತಿಳಿದದ್ದು ನಿಮಗೇನಾದರೂ ಆಗಿದೆಯಾ? ನನಗಾಗಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ಬಸ್ತ್ಯಾಂವ ಸಿದ್ದಿ ಮಗ್ಗ ರಿಪೇರಿಗೆ ಬಂದರೆ ಮೊದಲು ಪಾನಾ-ಇಕ್ಕಳ ಹಿಡಿಯುತ್ತಿರಲಿಲ್ಲ. ಓಡುತ್ತಿರುವ ಪವರ್‌ಲೂಮಿನ ಕಬ್ಬಿಣದ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಇಳಕಲ್ಲಿನ ನನ್ನ ಶೆಡ್ಡಿನಲ್ಲಿ ಆರು ಮಗ್ಗ ಒಟ್ಟಿಗೆ ಬಡಿಯುವಾಗ ಪಕ್ಕದವನು ಕೂಗಿದರೂ ಕೇಳುವುದಿಲ್ಲ. ಅವನಿಗೆ ಮಾತ್ರ ಯಾವ ಹಲ್ಲಿನಗಾಲಿ ಸವೆದಿದೆ ಅನ್ನುವುದು ಕೈಗೇ ತಿಳಿಯುತ್ತಿತ್ತು. ನಾವೋ, ನಿಂತ ಮಗ್ಗಕ್ಕೆ ಸುತ್ತಿಗೆಯಿಂದ ಒಂದೇಟು ಹಾಕಿ ನೋಡುವ ಜನ.

"ಬಡೀಬ್ಯಾಡ್ರಿ. ಏನಾಗೇತಿ ಅಂತ ಕೇಳ್ರಿ, ತಾನ ಹೇಳತೈತಿ" ಅನ್ನುತ್ತಿದ್ದ.

ಹಳಿಯಾಳ ಕಡೆಯ ಕಾಡಂಚಿನ ಹಳ್ಳಿಯವನು. ಇಚಲಕರಂಜಿಯಲ್ಲಿ ಕೆಲಸ ಕಲಿತು ನಮ್ಮೂರಿಗೆ ಬಂದಿದ್ದ. ಸಿದ್ದಿಗಳ ಹಿರಿಯರನ್ನು ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದ್ದರು ಅನ್ನುವುದು ನನಗಾಗ ಗೊತ್ತಿರಲಿಲ್ಲ. ಕಂಡದ್ದು ಕಪ್ಪು ಮೈ, ಗುಂಗುರು ಕೂದಲು. ಅವನ ಹೆಸರಿಗೆ ನನ್ನ ನಾಲಿಗೆ ಹೊರಳಲೂ ಇಲ್ಲ. ಅಂಥವರಿಗೆ ಈ ಕಡೆ ಹಳೆಯ ಕಾಲದಿಂದ ಇದ್ದ ಮಾತೊಂದನ್ನು ಎಲ್ಲೋ ಕೇಳಿದ್ದೆ. ಮೊದಲ ವಾರವೇ 'ಹಬಶಿ' ಅಂತ ಕರೆದೆ. ಊರಿಗೆ ಊರೇ ಹಾಗೇ ಕರೆಯಿತು.

ನಮ್ಮಲ್ಲಿ ಅಡ್ಡಹೆಸರಿಲ್ಲದ ಮನುಷ್ಯನೇ ಇಲ್ಲ. ಕುಂಟ ಮಲ್ಯಾ, ಡಬ್ಬ ಈರ್ಯಾ, ನಾನು ಉಬ್ಬು ಹಲ್ಲಿನ ಶೇಖ್ಯಾ. ಅಡ್ಡಹೆಸರು ಬಿತ್ತೆಂದರೆ ಊರು ಅವನನ್ನು ತನ್ನವನು ಅಂದುಕೊಂಡಿತು ಅಂತಲೇ ಅರ್ಥ. ನಾನು ನಂಬಿದ್ದೂ ಅದನ್ನೇ.

ಮಧ್ಯಾಹ್ನ ಅವನ ಊಟ ನಮ್ಮ ಮನೆಯಲ್ಲಿ. ಬಿಸಿ ರೊಟ್ಟಿ ಮೊದಲು ಅವನ ತಾಟಿಗೇ ಬೀಳುತ್ತಿತ್ತು. "ಹಬಶಿ, ನಾಚಬ್ಯಾಡೋ, ಇನ್ನೊಂದು ತಿನ್ನು" ಅನ್ನುತ್ತಿದ್ದಳು ಅವ್ವ. "ಸಾಕವ್ವಾ, ಇನ್ನ ತಿಂದ್ರ ಮಗ್ಗದ ಕೆಳಗ ತೂರಾಕ ಆಗಂಗಿಲ್ಲ" ಅಂತ ನಗುತ್ತಿದ್ದ. ಅವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ, ಬಾಗಲಕೋಟೆಯ ದವಾಖಾನೆ ಮುಟ್ಟುವ ತನಕ ಗಾಡಿಯಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತದ್ದು ಅವನೇ. ನಾನು ಮುಂದೆ ಕೂತು ಅಳುತ್ತಿದ್ದೆ.

ಹದಿನಾರು ವರ್ಷ ಚೀಲ ಹೊತ್ತು ಶೆಡ್ಡಿನಿಂದ ಶೆಡ್ಡಿಗೆ ತಿರುಗಿದವನು ಕೊನೆಗೆ ಬಸ್‌ಸ್ಟ್ಯಾಂಡಿನ ಹಿಂದೆ ಸ್ವಂತ ಅಂಗಡಿ ಹಾಕಿದ. ಅವನಿಗೆ ತಿಳಿಯದಂತೆ ನಾನು ಬೋರ್ಡು ಬರೆಸಿದೆ. ಹಳದಿ ಬಣ್ಣ, ಕೆಂಪು ಅಕ್ಷರ: 'ಹಬಶಿ ಪವರ್‌ಲೂಮ್ ರಿಪೇರಿ'. ಆ ಹೆಸರಿಗೇ ಅಲ್ಲವೇ ಗಿರಾಕಿ ಬರುವುದು? ಕಾಯಿ ಒಡೆದರು, ನಾನು ಬಟ್ಟೆ ಸರಿಸಿದೆ, ಎಲ್ಲರೂ ಚಪ್ಪಾಳೆ ಹೊಡೆದರು.

ಅವನ ಮಗಳು ಮೀನಾ ಆಗ ಎಂಟನೆಯ ಇಯತ್ತೆ. ಬೋರ್ಡು ಓದಿದಳು, ಅಪ್ಪನ ಮುಖ ನೋಡಿದಳು, ಹೊರಟೇ ಹೋದಳು. ಬಸ್ತ್ಯಾಂವ ಸ್ಟೂಲು ಹತ್ತಿ, ಒಂದೊಂದೇ ಸ್ಕ್ರೂ ತೆಗೆದು, ಬೋರ್ಡನ್ನು ಇಳಿಸಿ, ಗೋಡೆಗೆ ಮುಖಮಾಡಿ ನಿಲ್ಲಿಸಿದ.

"ಯಾಕಲೇ, ಪೇಂಟರ ಏನರ ತಪ್ಪು ಬರದಾನೇನು?" ಅಂದೆ.

"ಮಗಳು ಮೂರು ದಿನ ಆತು ಸಾಲಿಗೆ ಹೋಗವಲ್ಲಳು ಅಣ್ಣಾ. ಹಬಶಿ, ಹಬಶಿ ಅಂತ ಹುಡುಗೂರು ಬೆನ್ನ ಹತ್ತತಾರ. ನಾಳೆ ಹೋಗಿ ಮಾಸ್ತರಗ ಹೇಳಬೇಕಂತ ಇದ್ದೆ. ಈಗ ಏನಂತ ಹೇಳ್ಲಿ? ಅವರಪ್ಪನ ದುಕಾನದ ಮ್ಯಾಲೇ ಬರದೈತೆಲ್ಲಾ ಅಂತಾರ."

ನನಗೆ ಸಿಟ್ಟು ಬಂತು, ನಾಚಿಕೆಗಿಂತ ಮೊದಲು ಬಂದದ್ದು ಅದೇ. "ನಾವೇನ ಕೆಟ್ಟ ಮನಸ್ಸಿಲೆ ಕರದೀವೇನು? ನನಗ ಉಬ್ಬು ಹಲ್ಲಿನಾಂವ ಅಂತಾರ, ನಾ ಎಂದರ ಮುಖ ಊದಿಸೀನೇನು?"

"ನಿನ್ನ ಹಲ್ಲು ನೋಡಿ ಯಾರೂ ನಿಮ್ಮಜ್ಜನ್ನ ಮಾರಿಲ್ಲಣ್ಣಾ."

ಪಕ್ಕದ ಅಂಗಡಿಯ ಟೇಲರ್ ಖಾದರಸಾಬ್ ಚಾಚಾ ಸಮಾಧಾನ ಮಾಡಲು ನೋಡಿದರು. "ಬೇಟಾ, ಬಿಜಾಪುರದ ಬಾದಶಾಹಿಯೊಳಗ ಹಬಶಿ ಅಂದ್ರ ಸರದಾರರು. ಕುದರಿ ಮ್ಯಾಲೆ ತಿರಗಿದವರು. ಮರ್ಯಾದಿ ಹೆಸರದು."

"ಆ ಸರದಾರನ್ನೂ ಮೊದಲು ಸಂತ್ಯಾಗ ಹಲ್ಲು ನೋಡಿನ ಕೊಂಡಿದ್ರು ಚಾಚಾ. ನಮ್ಮಮ್ಮ ಹೇಳತಿದ್ಲು, ನಮ್ಮ ಮಂದಿ ಹೆಸರು ಕೊಂಡವರಿಗೆ ಬೇಕಾಗಿದ್ದಿಲ್ಲಂತ. ಎಲ್ಲಾರಿಗೂ ಇದೊಂದ ಕೂಗು." ಆಮೇಲೆ ನನ್ನ ಕಡೆ ತಿರುಗಿದ. "ನೀ ಕರದಾಗ ಪ್ರೀತಿ ಇತ್ತು, ಖರೆ. ನನಗ ಗೊತ್ತಿಲ್ಲೇನು? ಆದ್ರ ನೀ ಅಂದದ್ದು ಕೇಳಿ ಬಾಜೂದಾಂವ ಅಂತಾನ, ಅವನ ಮಗ ಸಾಲ್ಯಾಗ ಅಂತಾನ. ಪ್ರೀತಿ ನಿನ್ನ ಕಡೇನ ಉಳಿತು. ಆ ಮಾತು ಅಷ್ಟ ಮೀನಾನ ಮಟಾ ಹೋತು."

"ಹದಿನಾರು ವರ್ಷ ಬಾಯಿ ಮುಚಗೊಂಡು ಯಾಕಿದ್ದಿ?"

"ಮೊದಲನೇ ವಾರದಾಗ ಹೇಳಿದ್ನೆಲ್ಲಾ, ಹಂಗ ಅನಬ್ಯಾಡ್ರಿ ಅಂತ. ನೀವೆಲ್ಲಾ ನಕ್ಕಿರಿ. ನಾನೂ ನಕ್ಕೆ. ಕೆಲಸ ಬೇಕಾಗಿತ್ತು."

ಆ ದಿನವನ್ನು ನೆನಪು ಮಾಡಿಕೊಳ್ಳಲು ನಾನು ಎಷ್ಟು ಸಲ ಯತ್ನಿಸಿದ್ದೇನೋ. ನೆನಪಾಗುವುದೇ ಇಲ್ಲ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಹಿಟ್ಟು ನಾದುತ್ತಿದ್ದ ಕೈ ನಿಂತಿತು. "ಇಷ್ಟು ವರ್ಷ ಉಣಿಸೀನಿ, ನಿನ್ನ ಹೆಸರೇನಪಾ ಅಂತ ಒಂದಿನ ಕೇಳಲಿಲ್ಲಲ್ಲೋ ನಾ" ಅಂದಳು. ಅವತ್ತು ಅವಳು ಉಣ್ಣಲಿಲ್ಲ.

ಮರುದಿನ ಬಸ್ತ್ಯಾಂವ, ಮೀನಾ ಇಬ್ಬರ ಜೊತೆ ಶಾಲೆಗೆ ಹೋದೆ. ಮಾಸ್ತರರನ್ನು ಕೇಳಿಕೊಂಡು ತರಗತಿಯ ಮುಂದೆ ನಿಂತೆ. "ಆ ಹೆಸರಿಟ್ಟಾಂವ ನಾ. ನಾ ಮಾಡಿದ್ದು ತಪ್ಪು. ಇನ್ನಮ್ಯಾಲೆ ಯಾರೂ ಅನಬ್ಯಾಡ್ರಿ" ಅಂದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೀನಾ ತಲೆ ಎತ್ತಲಿಲ್ಲ. ಒಂದು ವಾರ ಎಲ್ಲರೂ ಸುಮ್ಮನಿದ್ದರು, ಆಮೇಲೆ ಮತ್ತೆ ಶುರುವಾಯಿತು. ದೊಡ್ಡವರೇನು ಕಮ್ಮಿ? "ಇನ್ನ ಸಿದ್ದಿ ಸಾಹೇಬ್ರ ಅನ್ನೂಣೇನ್ರೀ?" ಅಂತ ನನ್ನ ಶೆಡ್ಡಿನಲ್ಲೇ ನಕ್ಕರು. ಹದಿನಾರು ವರ್ಷದಲ್ಲಿ ಹರಡಿದ್ದನ್ನು ಒಂದು ಮುಂಜಾನೆಯಲ್ಲಿ ಬಾಚಿಕೊಳ್ಳಲು ಹೋಗಿದ್ದೆ.

ಪರೀಕ್ಷೆ ಮುಗಿದ ಮೇಲೆ ಬಸ್ತ್ಯಾಂವ ಮಗಳನ್ನು ಹಳಿಯಾಳದ ಹಾಸ್ಟೆಲಿಗೆ ಕಳಿಸಿದ. ಆರು ತಿಂಗಳಿಗೆ ಅಂಗಡಿಯನ್ನೂ ಮುಚ್ಚಿದ. ತನ್ನೂರಿಗೆ ಹೋಗುವ ಹಿಂದಿನ ದಿನ ಬಂದು ನನ್ನ ಆರೂ ಮಗ್ಗಕ್ಕೆ ಎಣ್ಣೆ ಬಿಟ್ಟ, ಅವ್ವನ ಕಾಲಿಗೆ ಬಿದ್ದ. ಬಾಗಿಲಲ್ಲಿ ಅವನ ಕೈ ಹಿಡಿದು ಕೇಳಿದೆ, "ನನ್ನ ಮಾಫ್ ಮಾಡಿದಿಯಿಲ್ಲೋ?"

"ನನ್ನ ಪಾಲಿಂದು ಮಾಡೀನಿ. ಮೀನಾಂದು ನಾ ಹೆಂಗ ಮಾಡ್ಲಿ ಅಣ್ಣಾ? ಆಕೀನ್ನ ಕೇಳು."

ಅದೇ ಕೊನೆಯ ಭೇಟಿ. ಕಳೆದ ಬೇಸಿಗೆಯಲ್ಲಿ ಎದೆನೋವಿನಿಂದ ತೀರಿಕೊಂಡ ಅಂತ ಸುದ್ದಿ ಬಂತು, ಮಣ್ಣಾಗಿ ನಾಲ್ಕು ದಿನದ ಮೇಲೆ.

ಮೀನಾ ಈಗ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಾಲೇಜು ಓದುತ್ತಿದ್ದಾಳೆ. ಕೆಲಸದ ನೆವದಲ್ಲಿ ಹೋದಾಗ ಎರಡು ಸಲ ಆ ಗೇಟಿನ ತನಕ ಹೋಗಿ ಮರಳಿ ಬಸ್ ಹತ್ತಿದ್ದೇನೆ. ಕ್ಷಮೆ ಕೇಳಿದರೆ ಹಗುರಾಗುವವನು ನಾನು. ಮರೆತಿದ್ದರೆ ಮತ್ತೆ ನೆನಪಾಗುವುದು ಅವಳಿಗೆ. ಹೋಗದಿದ್ದರೆ, ಅವಳಪ್ಪ ಹೇಳಿದ್ದನ್ನೂ ಕೇಳದವನಾಗುತ್ತೇನೆ.

ಇಂಥ ಹೆಸರು ಹೊತ್ತು ಬೆಳೆದವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಕರೆದವನು ವರ್ಷಗಳ ಮೇಲೆ ನಿಮ್ಮ ಬಾಗಿಲಿಗೆ ಬಂದಿದ್ದನೇ? ಬಂದದ್ದು ಬೇಕಾಗಿತ್ತೇ, ಬೇಡವಾಗಿತ್ತೇ? ನಿಮಗಾದದ್ದನ್ನು ಕೆಳಗೆ ಬರೆಯಿರಿ. ನನ್ನನ್ನು ಬೈಯುವುದಿದ್ದರೆ ಅದನ್ನೂ ಬರೆಯಿರಿ, ಅಳಿಸುವುದಿಲ್ಲ.