ರೇಷ್ಮೆಯಲ್ಲಿ ಮೂಡಬೇಕಾದ ಅರಳಿ ಎಲೆ

ರೇಷ್ಮೆ ಎಂದರೆ ಸೀರೆಯ ಸೆರಗಷ್ಟೇ ನೆನಪಾಗುವ ನಮ್ಮ ಸೀಮೆಯಲ್ಲಿ, ಅದೇ ರೇಷ್ಮೆಯ ಗೂಡನ್ನು ಬೇಯಿಸಿ, ಕರಗಿಸಿ, ಆ ದ್ರಾವಣವನ್ನು ಯಂತ್ರದ ಸೂಜಿಯಿಂದ ಕೂದಲಿಗಿಂತ ಸಣ್ಣ ಎಳೆಯಾಗಿ ಮುದ್ರಿಸಿ, ಸುಟ್ಟ ಗಾಯದ ಮೇಲೆ ಹೊಸ ಚರ್ಮ ಹಬ್ಬಲು ಬಲೆ ಹೆಣೆಯುವ ವಿದ್ಯೆಗೆ ಬಾಳನ್ನೇ ಮುಡಿಪಿಟ್ಟವರು ಗುಬ್ಬಿಯ ಡಾ. ಗಂಗಾಂಬಿಕೆಯವರು. ತುಮಕೂರಿನ ಕಾಲೇಜಿನಿಂದ ಅವರು ಈಗ ನಿವೃತ್ತರಾಗುತ್ತಿದ್ದಾರೆ. ನಿವೃತ್ತಿಯಂತೆ! ಅವರ ಶಿಷ್ಯೆ, ಕುಣಿಗಲ್ಲಿನ ಉಝ್ಮಾ, ಈ ಮಾತನ್ನು ಇನ್ನೂ ನಂಬಿಲ್ಲ.

ಅವಳು ಮೊದಲ ಸಲ ಪ್ರಯೋಗಾಲಯಕ್ಕೆ ಕಾಲಿಟ್ಟದ್ದು ಕಡುಬೇಸಿಗೆಯಲ್ಲಿ. ಗಾಳಿಗೆ ಎಳೆ ನಡುಗೀತೆಂದು ಫ್ಯಾನು ನಿಲ್ಲಿಸಿದ್ದರು. ಕಿಟಕಿಯ ಓರೆ ಬಿಸಿಲಿನಲ್ಲಿ ಆ ಎಳೆ ಒಮ್ಮೆ ಹೊಳೆದು ಒಮ್ಮೆ ಮಾಯವಾಗುತ್ತಿತ್ತು. ಮೇಡಂ ಕಣ್ಣು ಅರೆಮುಚ್ಚಿ ಕೂತಿದ್ದರು.

"ನಿದ್ದೆ ಅಲ್ಲ ಕಣಮ್ಮ, ಅದು ಹೋಗೋ ದಾರಿ ನೋಡ್ತಾ ಇದೀನಿ" ಎಂದರು.

ರಂಜಾನ್ ಉಪವಾಸದ ದಿನಗಳಲ್ಲಿ ಅವಳನ್ನು ನೆರಳಿನಲ್ಲಿ ಕೂರಿಸಿ, ಬೇಯಿಸಿದ ಗೂಡುಗಳನ್ನು ತಾವೇ ತೊಳೆದವರು ಅವರು. ಅವರ ಮೇಜಿನ ಗಾಜಿನಡಿ, ಹಸುರೆಲ್ಲ ಕಳೆದು ನರಗಳಷ್ಟೇ ಉಳಿದ ಒಂದು ಅರಳಿ ಎಲೆ ಇತ್ತು. ಮೈಯಲ್ಲಿ ರಕ್ತ ಕವಲೊಡೆದು ಹರಿಯುವುದೂ ಹೀಗೆಯೇ. ಸೇವೆ ಮುಗಿಯುವುದರೊಳಗೆ ಆ ನರಗಳನ್ನು ರೇಷ್ಮೆಯಲ್ಲಿ ಮುದ್ರಿಸಬೇಕೆಂಬುದು ಅವರ ಬಹುಕಾಲದ ಕನಸು. ಅದಕ್ಕೆಂದೇ ಒಂದು ಪುಟ್ಟ ಸೀಸೆ ದ್ರಾವಣವನ್ನು ಮೀಸಲಿಟ್ಟಿದ್ದರು.

ಉಝ್ಮಾಳ ಸಂಶೋಧನೆಯನ್ನು ನೋಡಲು ಪರಿಶೀಲನಾ ಸಮಿತಿ ಬರುವ ಮುನ್ನಾದಿನ ಕಾಲೇಜಿನಲ್ಲಿ ಕರೆಂಟು ಹೋಯಿತು. ದ್ರಾವಣ ಕೆಡದಿರಲೆಂದು ಮೇಡಂ ಆ ಮೀಸಲು ಸೀಸೆಯನ್ನು, ಉಝ್ಮಾ ಸಮಿತಿಯೆದುರು ಬಲೆ ಮುದ್ರಿಸಲು ಇಟ್ಟಿದ್ದ ತನ್ನ ಸೀಸೆಯನ್ನು, ತಮ್ಮ ತಮ್ಮ ಮನೆಯ ಫ್ರಿಜ್ಜಿಗೆ ಒಯ್ದರು. ಕುಲುಕಿದರೆ ಅದು ಗಟ್ಟಿಯಾಗುತ್ತದೆ. ಮೇಡಂ ಮರುದಿನ ಗುಬ್ಬಿಯಿಂದ ರೈಲಿನಲ್ಲಿ, ಸೀಸೆಯನ್ನು ಮಡಿಲಲ್ಲಿಟ್ಟುಕೊಂಡು ಬಂದರು. ನಮ್ಮ ಉಝ್ಮಾ ಕುಣಿಗಲ್ ಬಸ್ಸಿನ ಹಿಂದಿನ ಸೀಟು ಹಿಡಿದಳು! ಹಂಪ್ ಸಿಕ್ಕಿದಲ್ಲೆಲ್ಲ ಬಸ್ಸು ಎತ್ತಿಹಾಕಿತು. ಬಂದು ಮುಚ್ಚಳ ತೆರೆದರೆ ಗಡ್ಡೆ ಮೊಸರು. ಹೊಸ ದ್ರಾವಣಕ್ಕೆ ದಿನಗಳೇ ಬೇಕು, ಅಂದು ಬಲೆ ತೋರಿಸದಿದ್ದರೆ ಅವಳ ಸಂಶೋಧನೆ ಅಲ್ಲಿಗೇ ನಿಲ್ಲುತ್ತಿತ್ತು.

"ಎಲ್ಲಾ ಹಾಳಾಯ್ತು ಮೇಡಂ" ಎಂದು ಅತ್ತೇಬಿಟ್ಟಳು.

"ಅಯ್ಯೋ ಪೆದ್ದಿ, ಮೊಸರಾಗಿದ್ರೆ ಮಜ್ಜಿಗೆನಾದ್ರೂ ಮಾಡ್ಬೋದಿತ್ತು!" ಎಂದು ನಕ್ಕ ಮೇಡಂ ತಮ್ಮ ಸೀಸೆ ಮುಂದಿಟ್ಟರು. "ತಗೋ, ಇದನ್ನ ಹಾಕು."

"ಬೇಡ ಮೇಡಂ, ಇದು ನಿಮ್ಮ ಅರಳಿ ಎಲೆಗೆ ಇಟ್ಟಿದ್ದು."

"ಎಲೆ ಎಲ್ಲೂ ಓಡೋಗಲ್ಲ ಕಣೇ. ಹೋಗು, ಫ್ಯಾನ್ ಆಫ್ ಮಾಡು."

ಸಮಿತಿಯವರು ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ ಎಳೆಯ ಮೇಲೆ ಎಳೆ ಕೂತು, ಒಂದೂ ತುಂಡಾಗದೆ ಬಲೆ ಮುಗಿಯಿತು. ಉಝ್ಮಾಳ ಸಂಶೋಧನೆ ಉಳಿಯಿತು, ಸೀಸೆ ಬರಿದಾಯಿತು. ಮೇಡಂ ಅವರ ಸೇವೆಯ ಕೊನೆಯ ದಿನಗಳು ಚಾರ್ಜು ಒಪ್ಪಿಸುವುದರಲ್ಲೇ ಕಳೆದುಹೋದವು. ಎಲೆಯ ಮಾತನ್ನು ಅವರು ಮತ್ತೆ ಎತ್ತಲೇ ಇಲ್ಲ, ಅದೇ ಉಝ್ಮಾಳಿಗೆ ಸಂಕಟ.

ಭಾನುವಾರ ಶಾಲು, ಹಾರ, ಫಲತಾಂಬೂಲಗಳ ಸಮಾರಂಭ. ಗಂಗಾಂಬಿಕೆಯವರು ನೂರ್ಕಾಲ ನಗುನಗುತ್ತಾ ಬಾಳಲೆಂದು ನಾವೆಲ್ಲ ಹಾರೈಸುವೆವು. ಉಝ್ಮಾಳ ಹಾರೈಕೆ ಮಾತ್ರ ಬೇರೆ. ಅವಳು ಹೊಸ ಗೂಡುಗಳನ್ನು ಬೇಯಿಸಿ, ಕರಗಿಸಿ, ಸೀಸೆ ತುಂಬಿಸಿ, ಯಾರೂ ಅಲುಗಿಸದಂತೆ ಇಟ್ಟಿದ್ದಾಳೆ. ಗಾಜಿನಡಿಯ ಎಲೆಯನ್ನು ಯಂತ್ರದ ಪಕ್ಕಕ್ಕೆ ತಂದಿದ್ದಾಳೆ. ಸೋಮವಾರ ಮೇಡಂ ಬರಲೇಬೇಕು. ಕಿಟಕಿಯ ಬಳಿ ಅವರ ಕುರ್ಚಿ ಹಾಕಿದೆ, ಫ್ಯಾನು ನಿಲ್ಲಿಸಿದೆ.